ನೇಪಾಳದ ರೂಪಾಯಿ, ಭೂತಾನಿನ ನ್ಗುಲ್ಟ್ರಮ್: ಹಳೆಯ ವಿನಿಮಯ ದರ ಎಷ್ಟಿತ್ತು?

ಪ್ರಶ್ನೆ: ಭೂತಾನಿನ ನ್ಗುಲ್ಟ್ರಮ್ ಮತ್ತು ನೇಪಾಳದ ರೂಪಾಯಿಯ ನಡುವಿನ ವಿನಿಮಯ ದರ 2005ರಲ್ಲಿ ಎಷ್ಟಿತ್ತು? 2015ರಲ್ಲಿ ಎಷ್ಟಾಯಿತು?

ಇದೇ ಪ್ರಶ್ನೆ ಇಸವಿಯನ್ನಷ್ಟೇ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 2005ರಲ್ಲಿ ಒಂದು ನ್ಗುಲ್ಟ್ರಮ್‌ಗೆ 1.60 ನೇಪಾಳಿ ರೂಪಾಯಿ, 2015ರಲ್ಲಿಯೂ 1.60. 1993ರ ಫೆಬ್ರವರಿಯಿಂದ ಈಚೆಗೆ ಯಾವ ತಿಂಗಳ ದರವನ್ನು ಕೇಳಿದರೂ ಉತ್ತರ ಇಷ್ಟೇ. ಭೂತಾನ್ ತನ್ನ ನ್ಗುಲ್ಟ್ರಮ್ ಅನ್ನು ಭಾರತದ ರೂಪಾಯಿಗೆ ಒಂದಕ್ಕೊಂದರಂತೆ ಕಟ್ಟಿಕೊಂಡಿದೆ; ನೇಪಾಳ ತನ್ನ ರೂಪಾಯಿಯನ್ನು ಅದೇ ಭಾರತದ ರೂಪಾಯಿಗೆ 1.60ರ ಲೆಕ್ಕದಲ್ಲಿ ಕಟ್ಟಿಕೊಂಡಿದೆ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿರುವಾಗ ಅವುಗಳ ನಡುವಿನ ಅಂತರ ಬದಲಾಗಲು ಕಾರಣವೇ ಇಲ್ಲ.

ಇಷ್ಟು ವಿವರಿಸಿದ ಮೇಲೂ ಒಂದು ಆಕ್ಷೇಪ ತಪ್ಪದೆ ಬರುತ್ತದೆ: "ಕರೆನ್ಸಿ ಕನ್ವರ್ಟರ್‌ನ ಗ್ರಾಫ್ ನೋಡಿ, ಒಂದು ದಿನ 1.595, ಮರುದಿನ 1.604 ಎಂದು ತೋರಿಸುತ್ತಿದೆ. ದರ ಸ್ಥಿರವಾಗಿದೆ ಎಂದು ನೀವು ಹೇಗೆ ಹೇಳುತ್ತೀರಿ?" ಈ ನಂಬಿಕೆಯನ್ನು ಬೇರುಸಹಿತ ಕೀಳದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಆ ಗ್ರಾಫ್ ತೋರಿಸುತ್ತಿರುವ ಏರಿಳಿತ ಯಾವ ಮಾರುಕಟ್ಟೆಯಲ್ಲಿಯೂ ನಡೆದದ್ದಲ್ಲ.

ನ್ಗುಲ್ಟ್ರಮ್ ಮತ್ತು ನೇಪಾಳಿ ರೂಪಾಯಿಯನ್ನು ನೇರವಾಗಿ ಕೊಂಡು ಮಾರುವ ದೊಡ್ಡ ಪೇಟೆ ಎಂಬುದು ಇಲ್ಲ. ಆದ್ದರಿಂದ ಕನ್ವರ್ಟರ್‌ಗಳು ಒಂದು ಡಾಲರ್‌ಗೆ ಎಷ್ಟು ನೇಪಾಳಿ ರೂಪಾಯಿ, ಎಷ್ಟು ನ್ಗುಲ್ಟ್ರಮ್ ಎಂಬ ಎರಡು ಅಂಕಿಗಳನ್ನು ಬೇರೆ ಬೇರೆ ಕಡೆಯಿಂದ ತಂದು, ಒಂದನ್ನು ಇನ್ನೊಂದರಿಂದ ಭಾಗಿಸುತ್ತವೆ. ಉದಾಹರಣೆಗೆ ಡಾಲರ್‌ಗೆ 132.80 ನೇಪಾಳಿ ರೂಪಾಯಿ, 83.00 ನ್ಗುಲ್ಟ್ರಮ್ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ ಸರಿಯಾಗಿ 1.60 ಬರುತ್ತದೆ. ಆದರೆ ಮೊದಲನೆಯ ಅಂಕಿ ಇಂದಿನದಾಗಿ, ಎರಡನೆಯದು ನಿನ್ನೆಯ 83.25 ಆಗಿದ್ದರೆ ಉತ್ತರ 1.5952 ಆಗುತ್ತದೆ. ನಾಳೆ ನ್ಗುಲ್ಟ್ರಮ್‌ನ ಅಂಕಿ 82.80ಕ್ಕೆ ಇಳಿದು, ನೇಪಾಳದ ಅಂಕಿ ಇಂದಿನದೇ ಉಳಿದುಕೊಂಡರೆ ಅದು 1.6039 ಆಗುತ್ತದೆ. ಒಂದು ಕಡೆ ಖರೀದಿ ದರ, ಇನ್ನೊಂದು ಕಡೆ ಮಾರಾಟ ದರ ಸೇರಿಕೊಂಡರೂ ಇಂಥದೇ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಗ್ರಾಫ್‌ನಲ್ಲಿ ನಡುಗುತ್ತಿರುವುದು ಡಾಲರ್ ಮತ್ತು ಗಡಿಯಾರ, ಈ ಎರಡು ಕರೆನ್ಸಿಗಳಲ್ಲ.

ಇನ್ನೂ ಅನುಮಾನವಿದ್ದವರು ಈ ಲೆಕ್ಕವನ್ನು ಮಾಡಿ ನೋಡಬೇಕು. 1.5952ರ ದರ ನಿಜವಾಗಿಯೂ ಎಲ್ಲಾದರೂ ಸಿಗುತ್ತಿದ್ದರೆ, 1,59,520 ನೇಪಾಳಿ ರೂಪಾಯಿ ಕೊಟ್ಟು ಒಂದು ಲಕ್ಷ ನ್ಗುಲ್ಟ್ರಮ್ ಕೊಂಡು, ಅದನ್ನು ಒಂದಕ್ಕೊಂದರಂತೆ ಒಂದು ಲಕ್ಷ ಭಾರತೀಯ ರೂಪಾಯಿಯಾಗಿಸಿ, ಅದರಿಂದ 1,60,000 ನೇಪಾಳಿ ರೂಪಾಯಿ ಪಡೆಯಬಹುದಾಗಿತ್ತು. ಕುಳಿತಲ್ಲೇ 480 ರೂಪಾಯಿ ಲಾಭ! ಅಂಥ ದರವಿದ್ದಿದ್ದರೆ ವ್ಯಾಪಾರಿಗಳು ಮಧ್ಯಾಹ್ನದೊಳಗೆ ಅದನ್ನು ಅಳಿಸಿಹಾಕುತ್ತಿದ್ದರು. ನೇಪಾಳ ರಾಷ್ಟ್ರ ಬ್ಯಾಂಕಿನ ದರಪಟ್ಟಿಯನ್ನು ತೆರೆದು ನೋಡಿ: ಡಾಲರ್, ಯೂರೋ, ಯೆನ್ ದಿನವೂ ಬದಲಾಗುತ್ತಿದ್ದರೂ 100 ಭಾರತೀಯ ರೂಪಾಯಿಗೆ ಖರೀದಿ 160.00, ಮಾರಾಟ 160.15 ಎಂಬ ಸಾಲು ಮಾತ್ರ ಕದಲುವುದಿಲ್ಲ. 2013ರ ಆಗಸ್ಟ್‌ನಲ್ಲಿ ಡಾಲರ್ 68 ಭಾರತೀಯ ರೂಪಾಯಿಯನ್ನು ದಾಟಿದಾಗ ನ್ಗುಲ್ಟ್ರಮ್ ಅಷ್ಟೇ ಕುಸಿಯಿತು, ನೇಪಾಳದ ರೂಪಾಯಿಯೂ ಅದೇ ಪ್ರಮಾಣದಲ್ಲಿ ಜಾರಿತು. ಅವೆರಡರ ನಡುವಿನ ದರಕ್ಕೆ ಏನೂ ಆಗಲಿಲ್ಲ.

1993ಕ್ಕಿಂತ ಹಿಂದಿನ ದರ ಬೇಕಾದವರಿಗೆ ವಿಷಯ ಹೆಚ್ಚು ಸ್ವಾರಸ್ಯಕರವಾಗಿದೆ. ನ್ಗುಲ್ಟ್ರಮ್ ಹುಟ್ಟಿದ್ದು 1974ರಲ್ಲಿ. ಆಗ ಅದು 1.39 ನೇಪಾಳಿ ರೂಪಾಯಿಗೆ ಸಮನಾಗಿತ್ತು. 1978ರಲ್ಲಿ ದರ 1.45 ಆಯಿತು. 1985ರ ಕೊನೆಯಲ್ಲಿ ಒಮ್ಮೆಲೇ 1.70ಕ್ಕೆ ಏರಿ, 1986ರಲ್ಲಿ 1.68ಕ್ಕೂ 1991ರಲ್ಲಿ 1.65ಕ್ಕೂ ಇಳಿದು, ಕೊನೆಗೆ 1.60ಕ್ಕೆ ನಿಂತಿತು. ಗಮನಿಸಬೇಕಾದದ್ದೇನೆಂದರೆ, ಈ ಪ್ರತಿಯೊಂದು ಬದಲಾವಣೆಯೂ ಕಠ್ಮಂಡುವಿನಲ್ಲಿ ಕೈಗೊಂಡ ನಿರ್ಧಾರ. ಭೂತಾನ್ ಒಂದಕ್ಕೊಂದರ ದರವನ್ನು ಒಮ್ಮೆಯೂ ಬದಲಿಸಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಇಲ್ಲಿ ಉತ್ತರಿಸಬೇಕೆನಿಸುತ್ತದೆ: ನೇಪಾಳದ ರೂಪಾಯಿ ಎಂದಾದರೂ ಭಾರತದ ರೂಪಾಯಿಗೆ ಸಮನಾಗಿತ್ತೇ? ಹೆಚ್ಚುಕಡಿಮೆ ಆಗಿತ್ತು, ಒಂದೂವರೆ ವರ್ಷದ ಕಾಲ. 1960ರ ದಶಕದ ಮೊದಲ ಭಾಗದಲ್ಲಿ ಡಾಲರ್‌ಗೆ 7.62 ನೇಪಾಳಿ ರೂಪಾಯಿ, 4.76 ಭಾರತೀಯ ರೂಪಾಯಿ ಇದ್ದುದರಿಂದ ಪರಸ್ಪರ ದರ ಆಗಲೂ 1.60 ಇತ್ತು. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಡಾಲರ್‌ಗೆ 7.50 ಎಂದು ನಿಗದಿಪಡಿಸಿತು. ನೇಪಾಳ ತನ್ನ 7.62ನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಭಾರತದ ಒಂದು ರೂಪಾಯಿಗೆ 1.60 ಸಿಗುತ್ತಿದ್ದದ್ದು ದಿನ ಬೆಳಗಾಗುವುದರೊಳಗೆ ಸುಮಾರು 1.01ಕ್ಕೆ ಇಳಿಯಿತು. ಕಾಗದದ ಮೇಲೆ ಇದು ನೇಪಾಳದ ರೂಪಾಯಿಯ ಭಾರಿ ಏರಿಕೆಯೇ ಸರಿ, ಆದರೆ ಅದರ ಹೊರೆಯನ್ನು ಹೊತ್ತವರು ಭಾರತಕ್ಕೆ ಸರಕು ಮಾರುತ್ತಿದ್ದ ನೇಪಾಳಿಗಳು. ಗಡಿಯಾಚೆ 100 ಭಾರತೀಯ ರೂಪಾಯಿಗೆ ಮಾರಿದ ಧಾನ್ಯಕ್ಕೆ ಮೊದಲು 160 ನೇಪಾಳಿ ರೂಪಾಯಿ ಸಿಗುತ್ತಿತ್ತು, ಈಗ 101 ಮಾತ್ರ. 1967ರ ಡಿಸೆಂಬರ್‌ನಲ್ಲಿ ನೇಪಾಳವೂ ಅಪಮೌಲ್ಯಕ್ಕೆ ಮುಂದಾಗಿ ಡಾಲರ್‌ಗೆ 10.125 ಎಂದು ಘೋಷಿಸಿತು; ಅದನ್ನು 7.50ರಿಂದ ಭಾಗಿಸಿದರೆ ಬರುವ 1.35, ಮುಂದಿನ ನಾಲ್ಕು ವರ್ಷಗಳ ದರವಾಯಿತು.