ಡೈವಾ ಲಸಿಕೆ: ರೋಗ ತಡೆದರೆ ಸಾಲದು, ಪರೀಕ್ಷೆಗೂ ಅಡ್ಡ ಬರಬಾರದು

ದನಗಳ ಲಸಿಕೆಯೊಂದು ರೋಗವನ್ನು ಚೆನ್ನಾಗಿ ತಡೆದೂ ಬಳಕೆಗೆ ಬಾರದೆ ಉಳಿಯಬಹುದು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಮತ್ತು ಕ್ಷಯದಂಥ ಕಾಯಿಲೆಗಳಲ್ಲಿ ಬ್ಯಾಕ್ಟೀರಿಯಾ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ನೋಡಲು ಗಟ್ಟಿಮುಟ್ಟಾಗಿರುವ ಹಸುವೇ ಬಹುಕಾಲ ಸೋಂಕನ್ನು ಹರಡುತ್ತಿರಬಹುದು. ಹಾಗಾಗಿ ಇಡೀ ಹಿಂಡನ್ನು ಪರೀಕ್ಷಿಸಿ ಸೋಂಕಿತ ಪಶುಗಳನ್ನು ಬೇರೆ ಮಾಡುವುದೇ ನಿಯಂತ್ರಣದ ಮುಖ್ಯ ದಾರಿ. ತೊಡಕು ಇಲ್ಲಿಯೇ ಇದೆ. ಪರೀಕ್ಷೆ ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ಅದರ ವಿರುದ್ಧ ದೇಹ ಒಡ್ಡಿದ ಪ್ರತಿಕ್ರಿಯೆಯನ್ನು ಹುಡುಕುತ್ತದೆ. ಲಸಿಕೆ ಹುಟ್ಟಿಸುವುದೂ ಅಂಥದೇ ಪ್ರತಿಕ್ರಿಯೆಯನ್ನು.

ಸೋಂಕು ತಗುಲಿದ ಪಶು ಯಾವುದು, ಲಸಿಕೆ ಪಡೆದ ಪಶು ಯಾವುದು ಎಂದು ಪರೀಕ್ಷೆಯಲ್ಲಿ ಬೇರ್ಪಡಿಸಲು ಬಿಡುವ ಲಸಿಕೆಗೆ ಡೈವಾ ಲಸಿಕೆ ಎನ್ನುತ್ತಾರೆ. ಈ ಹೆಸರನ್ನು 1999ರಲ್ಲಿ ಬಳಕೆಗೆ ತಂದವರು ಡಚ್ ವಿಜ್ಞಾನಿ ವಾನ್ ಓರ್‌ಸ್ಕಾಟ್. ಹಂದಿಗಳ ವೈರಸ್ ರೋಗವೊಂದರಲ್ಲಿ ಮೊದಲು ಫಲ ಕೊಟ್ಟ ಉಪಾಯವಿದು: ರೋಗಾಣುವಿನ ಒಂದು ಭಾಗವನ್ನು ತೆಗೆದುಹಾಕಿ ಲಸಿಕೆ ಮಾಡುವುದು, ಆ ಭಾಗದ ವಿರುದ್ಧದ ಪ್ರತಿಕಾಯವನ್ನು ಮಾತ್ರ ಪರೀಕ್ಷೆಯಲ್ಲಿ ಹುಡುಕುವುದು. ಪ್ರತಿಕಾಯ ಸಿಕ್ಕಿತೆಂದರೆ ಅದು ಲಸಿಕೆಯದಲ್ಲ, ನಿಜವಾದ ಸೋಂಕಿನದು.

ಬ್ಯಾಕ್ಟೀರಿಯಾದ ವಿಷಯದಲ್ಲಿ ಇದು ಇಷ್ಟು ಸರಳವಾಗಲಿಲ್ಲ. ಕಂದು ರೋಗದ ಹಳೆಯ ಲಸಿಕೆ ಎಸ್19 ಹುಟ್ಟಿದ್ದು ಆಕಸ್ಮಿಕವಾಗಿ. 1923ರಲ್ಲಿ ಜಾನ್ ಬಕ್ ಎಂಬವರು ಜೆರ್ಸಿ ಹಸುವಿನ ಹಾಲಿನಿಂದ ಈ ರೋಗದ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಅಬಾರ್ಟಸ್ ಅನ್ನು ಬೇರ್ಪಡಿಸಿದ್ದರು. ಕೋಣೆಯ ಉಷ್ಣತೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿದ್ದಿದ್ದ ಆ ಬ್ಯಾಕ್ಟೀರಿಯಾ ತನ್ನ ಉಗ್ರತೆಯನ್ನು ಕಳೆದುಕೊಂಡಿತ್ತು. ರಕ್ಷಣೆ ಕೊಡುವುದರಲ್ಲಿ ಎಸ್19 ಇಂದಿಗೂ ಗಟ್ಟಿಗ. ಆದರೆ ಇದು ಜೀವಂತ ಲಸಿಕೆ. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕಬಹುದು, ಚುಚ್ಚುವವರಿಗೇ ಸೋಂಕು ತಗುಲಬಹುದು. ಇದರ ಹೊರಮೈಯಲ್ಲಿ ಓ ಸರಪಳಿ ಎಂಬ ಸಕ್ಕರೆಯ ಎಳೆಯಿದೆ. ಕಂದು ರೋಗದ ಪತ್ತೆಗೆ ಮಾಡುವ ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆ ಮುಖ್ಯವಾಗಿ ಹಿಡಿಯುವುದು ಈ ಎಳೆಯ ವಿರುದ್ಧದ ಪ್ರತಿಕಾಯಗಳನ್ನೇ. ಹೆಣ್ಣು ಕರುಗಳಿಗೆ ಎಳವೆಯಲ್ಲೇ ಇದನ್ನು ಹಾಕುವುದಕ್ಕೆ ಇದೂ ಒಂದು ಕಾರಣ: ಪ್ರಾಯಕ್ಕೆ ಬರುವ ಹೊತ್ತಿಗೆ ಹೆಚ್ಚಿನವುಗಳಲ್ಲಿ ಆ ಪ್ರತಿಕಾಯಗಳು ಇಳಿದಿರುತ್ತವೆ. ಇದು ಹೊಂದಾಣಿಕೆಯೇ ಹೊರತು ಪರಿಹಾರವಲ್ಲ.

ಅನಂತರ ಬಂದದ್ದು ಆರ್‌ಬಿ51. ಅಮೆರಿಕದ ವರ್ಜೀನಿಯಾದಲ್ಲಿ ಉಗ್ರ ತಳಿಯೊಂದನ್ನು ರಿಫಾಂಪಿಸಿನ್ ಎಂಬ ಪ್ರತಿಜೀವಕ ಇರುವ ಮಾಧ್ಯಮದಲ್ಲಿ ಮತ್ತೆ ಮತ್ತೆ ಬೆಳೆಸಿ, ಓ ಸರಪಳಿಯೇ ಇಲ್ಲವೆನ್ನಬಹುದಾದ ತಳಿಯನ್ನು ಪಡೆದರು. ಲಸಿಕೆ ಪಡೆದ ಹಸು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೋಂಕಿತೆಂದು ತೋರುವುದಿಲ್ಲ. 1996ರಿಂದ ಅಮೆರಿಕದಲ್ಲಿ ಎಸ್19ರ ಜಾಗಕ್ಕೆ ಇದೇ ಬಂತು. ಬೆಲೆ ತೆತ್ತದ್ದು ಬೇರೆ ಕಡೆ: ಈ ತಳಿ ರಿಫಾಂಪಿಸಿನ್‌ಗೆ ಜಗ್ಗುವುದಿಲ್ಲ, ಮನುಷ್ಯರ ಬ್ರುಸೆಲ್ಲೋಸಿಸ್ ಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಅದೂ ಒಂದು. ಕಾಯಿಸದ ಹಾಲಿನ ಮೂಲಕ ಆರ್‌ಬಿ51 ಜನರಿಗೆ ತಗುಲಿದ ಪ್ರಕರಣಗಳೂ ದಾಖಲಾಗಿವೆ.

ಕ್ಷಯದಲ್ಲಿ ದಾರಿ ತಿರುವುಮುರುವು. ಲಸಿಕೆಯನ್ನು ಬದಲಿಸದೆ ಪರೀಕ್ಷೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಫ್ರಾನ್ಸಿನ ವಿಜ್ಞಾನಿಗಳಾದ ಕಾಲ್ಮೆಟ್ ಮತ್ತು ಗೆರಾನ್ ದನದ ಕ್ಷಯದ ಬ್ಯಾಕ್ಟೀರಿಯಾವನ್ನು 13 ವರ್ಷಗಳಲ್ಲಿ 230 ಬಾರಿ ಮರುಬೆಳೆಸಿ ಪಡೆದದ್ದೇ ಬಿಸಿಜಿ. ಮನುಷ್ಯರ ಮಕ್ಕಳಿಗೆ 1921ರಿಂದ ಸಿಗುತ್ತಿರುವ ಈ ಲಸಿಕೆ, ಮೂಲ ರೋಗಾಣು ಬಂದ ದನಗಳಿಗೆ ಮಾತ್ರ ದಕ್ಕಲಿಲ್ಲ. ಕ್ಷಯದ ಪತ್ತೆಗೆ ಚರ್ಮಕ್ಕೆ ಚುಚ್ಚುವ ಟ್ಯೂಬರ್ಕುಲಿನ್ ಅನ್ನು ಬಿಸಿಜಿ ಹಾಕಿದ ಹಸುವಿಗೆ ಚುಚ್ಚಿದರೆ ಅಲ್ಲೂ ಊತ ಬರಬಹುದು. ಅದನ್ನು ಸೋಂಕಿತವೆಂದು ಬಗೆಯಬೇಕಾಗುತ್ತದೆ. ಅಷ್ಟು ಸಲ ಮರುಬೆಳೆಸುವಾಗ ಬಿಸಿಜಿ ತನ್ನ ವಂಶವಾಹಿಗಳ ಒಂದು ತುಂಡನ್ನೇ ಕಳೆದುಕೊಂಡಿತ್ತು. ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಎಂಬ ಪ್ರೋಟೀನುಗಳು ಅದರೊಂದಿಗೇ ಹೋದವು. ಈಗಿನ ಡೈವಾ ಚರ್ಮಪರೀಕ್ಷೆ ಚುಚ್ಚುವುದು ಇಂಥ ಪ್ರೋಟೀನುಗಳನ್ನೇ. ಬಿಸಿಜಿಯ ಜೊತೆಗೆ ಈ ಪರೀಕ್ಷೆಯನ್ನು ಹಿಂಡುಗಳಲ್ಲಿ ಪ್ರಯೋಗಿಸುವ ಕೆಲಸ ಇಂಗ್ಲೆಂಡಿನಲ್ಲಿ 2021ರಲ್ಲಿ ಆರಂಭವಾಯಿತು.

ಎಲ್ಲ ಲಸಿಕೆಗಳಿಗೂ ಡೈವಾ ಗುಣ ಬೇಕಿಲ್ಲ. ಚಪ್ಪೆ ರೋಗ, ಗಳಲೆ ರೋಗಗಳು ಒಂದೆರಡು ದಿನಗಳಲ್ಲೇ ಪಶುವನ್ನು ಕೊಲ್ಲಬಲ್ಲವು. ಅಲ್ಲಿ ಹಿಂಡಿನ ರಕ್ತ ಪರೀಕ್ಷಿಸಿ ಸೋಂಕಿತವನ್ನು ಆರಿಸುವ ಪ್ರಶ್ನೆಯೇ ಏಳುವುದಿಲ್ಲ. ಫಾರ್ಮಾಲಿನ್‌ನಿಂದ ಕೊಂದ ಬ್ಯಾಕ್ಟೀರಿಯಾದ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ ಹಾಕಿದರೆ ಆ ರೋಗಗಳಿಗೆ ಸಾಕು.