ವಿಜ್ಞಾಪನೆಯ ಚೀಟಿಯಲ್ಲಿ ಏನನ್ನು ಬರೆಯಬೇಕು

ಭಾನುವಾರದ ಆರಾಧನೆ ಆರಂಭವಾಗುವ ಹೊತ್ತಿಗೆ ದೇವಾಲಯಕ್ಕೆ ಸೇರಿದ ಸಣ್ಣ ಕೋಣೆಯಾದ ವೆಸ್ಟ್ರಿಯ ಮೇಜಿನ ಮೇಲೆ, ಇಂಥವರಿಗಾಗಿ ಪ್ರಾರ್ಥಿಸಿರಿ ಎಂದು ಕೋರುವ ಹತ್ತು ಹದಿನೈದು ಚೀಟಿಗಳು ಬಂದು ಸೇರಿರುತ್ತವೆ. ಸಭಾಪಾಲಕನಾಗಿ ಇಪ್ಪತ್ತಾರು ವರ್ಷಗಳಿಂದ ಇಂಥ ಚೀಟಿಗಳನ್ನು ಸಭೆಯ ಮುಂದೆ ಓದುತ್ತಿದ್ದೇನೆ. ಆದರೆ ಈಚೆಗೆ ಅವುಗಳಲ್ಲಿ ಅರ್ಧದಷ್ಟನ್ನು ಗಟ್ಟಿಯಾಗಿ ಓದಲು ನನಗೆ ಮನಸ್ಸು ಬರುವುದಿಲ್ಲ. ಇಂಥವರ ಮಗಳು ತವರಿಗೆ ಬಂದು ಎರಡು ತಿಂಗಳಾಯಿತು, ಅಳಿಯನಿಗೆ ಕುಡಿತದ ಚಟವಿದೆ, ಕೈತುಂಬ ಸಾಲವೂ ಇದೆ, ಅವಳಿಗಾಗಿ ಪ್ರಾರ್ಥಿಸಿರಿ ಎಂದು ಬರೆದಿರುತ್ತದೆ. ಬರೆದವರು ಆ ಮಗಳಲ್ಲ, ಅವಳ ತಾಯಿಯೂ ಅಲ್ಲ, ಪಕ್ಕದ ಮನೆಯವರು.

ಅವರಿಗೆ ಕೆಟ್ಟ ಉದ್ದೇಶವಿರುತ್ತದೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ನಿಜವಾಗಿಯೂ ನೊಂದುಕೊಂಡೇ ಬರೆಯುತ್ತಾರೆ. ಆದರೆ ವಿವರ ಹೆಚ್ಚಿದಷ್ಟೂ ಪ್ರಾರ್ಥನೆಗೆ ಬಲ ಹೆಚ್ಚುತ್ತದೆಂಬ ತಪ್ಪು ತಿಳಿವಳಿಕೆ ನಮ್ಮ ಸಭೆಗಳಲ್ಲಿ ಆಳವಾಗಿ ಬೇರೂರಿದೆ. ನಾವು ಬೇಡುವುದಕ್ಕೆ ಮುಂಚೆಯೇ ನಮ್ಮ ಅಗತ್ಯವು ತಂದೆಯಾದ ದೇವರಿಗೆ ತಿಳಿದಿದೆ ಎಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಹೀಗಿರುವಾಗ ನಾವು ಚೀಟಿಯಲ್ಲಿ ತುಂಬುವ ವಿವರವೆಲ್ಲ ಯಾರ ಕಿವಿಗೆಂದು ಕೇಳಿಕೊಳ್ಳಬೇಕಾಗುತ್ತದೆ. ಅದನ್ನು ಹೊಸದಾಗಿ ತಿಳಿದುಕೊಳ್ಳುವವರು ಬೆಂಚುಗಳಲ್ಲಿ ಕುಳಿತವರು ಮಾತ್ರ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸೇವೆಯ ಮೊದಲ ವರ್ಷಗಳಲ್ಲಿ, ಐದನೆಯ ತಿಂಗಳಲ್ಲಿ ಗರ್ಭಪಾತವಾಗಿದ್ದ ಒಬ್ಬ ಯುವತಿಯ ವಿಷಯವನ್ನು, ಸಂಬಂಧಿಕರೊಬ್ಬರು ಕೊಟ್ಟ ಚೀಟಿಯಲ್ಲಿದ್ದಂತೆಯೇ ಓದಿಬಿಟ್ಟೆ. ನಾಲ್ಕನೆಯ ಬೆಂಚಿನಲ್ಲಿ ಕುಳಿತಿದ್ದ ಆಕೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಕರ್ತನ ಪ್ರಾರ್ಥನೆಗೆ ಮುಂಚೆಯೇ ಎದ್ದು ಹೋದದ್ದು ನನಗೆ ಕಾಣಿಸಿತು. ಎಂಟು ತಿಂಗಳು ದೇವಾಲಯದ ಕಡೆಗೆ ಬರಲಿಲ್ಲ. ಕೊನೆಗೆ ಮನೆಗೆ ಹೋದಾಗ ಕಾಫಿ ಕೊಟ್ಟು, "ನನಗೋಸ್ಕರ ಪ್ರಾರ್ಥನೆ ಮಾಡಿದ್ದು ತಪ್ಪಲ್ಲ ಅಯ್ಯನವರೇ, ಆದರೆ ನನ್ನ ಸ್ವಂತ ತಂಗಿಗೂ ನಾನಿನ್ನೂ ಹೇಳಿರಲಿಲ್ಲ" ಎಂದಳು. ಅವಳ ಕ್ಷಮೆ ಕೇಳಿದೆ, ಅವಳು ಕ್ಷಮಿಸಿದಳು. ಆ ಭಾನುವಾರವನ್ನು ಮಾತ್ರ ನಾನು ಮರೆತಿಲ್ಲ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪರರಿಗಾಗಿ ಬೇಡಿದವರ ಮಾತುಗಳನ್ನು ಗಮನಿಸಿ ನೋಡಿರಿ. ಬೇಥಾನ್ಯದ ಮಾರ್ಥ ಮತ್ತು ಮರಿಯ ತಮ್ಮ ಸಹೋದರನಾದ ಲಾಜರನಿಗಾಗಿ ಯೇಸುವಿಗೆ ಕಳುಹಿಸಿದ ಸಂದೇಶವು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿದೆ: ನೀನು ಪ್ರೀತಿಸುವವನು ಅಸ್ವಸ್ಥನಾಗಿದ್ದಾನೆ ಎಂಬಷ್ಟೇ. ಅದರಲ್ಲಿ ರೋಗದ ಹೆಸರಿಲ್ಲ, ಎಷ್ಟು ದಿನದಿಂದ ಎಂಬ ಲೆಕ್ಕವಿಲ್ಲ, ಬೇಗ ಬಾ ಎಂಬ ಮಾತೂ ಇಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದಾಗ ಯೇಸುವಿನ ತಾಯಿಯಾದ ಮರಿಯಳು ಅದನ್ನು ಮಗನಿಗೆ ತಿಳಿಸಿದಳೇ ಹೊರತು, ಆ ಮನೆಯವರು ಎಲ್ಲಿ ಎಡವಿದರೆಂದು ವಿವರಿಸಲಿಲ್ಲ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು ನಾವು ರೋಗಿಗಳ ಬಳಿ ಓದುತ್ತಲೇ ಇರುತ್ತೇವೆ. ಆದರೆ ಅಲ್ಲಿ ಸಭೆಯ ಹಿರಿಯರನ್ನು ಕರೆಕಳುಹಿಸಬೇಕಾದವನು ಅಸ್ವಸ್ಥನೇ, ಪಕ್ಕದ ಮನೆಯವನಲ್ಲ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ವಿವರವಿಲ್ಲದ ಪ್ರಾರ್ಥನೆಯಲ್ಲಿ ಶ್ರದ್ಧೆ ಸಾಲದೆಂದು ಕೆಲವರು ವಾದಿಸುತ್ತಾರೆ. ಆದರೆ ನಮ್ಮ ಸಭೆಯಲ್ಲಿದ್ದ ಒಬ್ಬ ಅಜ್ಜಿ ಇನ್ನೂರು ಪುಟದ ಶಾಲೆಯ ನೋಟ್ ಪುಸ್ತಕದಲ್ಲಿ ಗೆರೆಗೊಂದರಂತೆ ಬರಿಯ ಹೆಸರುಗಳನ್ನು ಬರೆದುಕೊಂಡು, ಬೆಳಗಿನ ಜಾವ ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಪ್ರಾರ್ಥಿಸುತ್ತಿದ್ದರು. ಬೆರಳು ತಾಗಿ ತಾಗಿ ಕೆಲವು ಹೆಸರುಗಳು ಮಾಸಿದ್ದವು, ಅವುಗಳ ಮೇಲೆಯೇ ಮತ್ತೆ ತಿದ್ದಿ ಬರೆದಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲನಾದ ಪೌಲನು, ನಿಮ್ಮ ಊರಿನವನಾದ ಎಪಫ್ರನು ನಿಮಗಾಗಿ ಪ್ರಾರ್ಥನೆಯಲ್ಲಿ ಯಾವಾಗಲೂ ಹೋರಾಡುತ್ತಾನೆ ಎನ್ನುತ್ತಾನಲ್ಲ, ಆ ಮಾತನ್ನು ಓದುವಾಗಲೆಲ್ಲ ನನಗೆ ಆ ಪುಸ್ತಕವೇ ಕಣ್ಣ ಮುಂದೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲವನ್ನೂ ಮುಚ್ಚಿಡಬೇಕೆಂಬುದು ನನ್ನ ಮಾತಿನ ಅರ್ಥವಲ್ಲ. ಮನೆಯಲ್ಲಿ ಯಾರಾದರೂ ಹೊಡೆತ ತಿನ್ನುತ್ತಿದ್ದರೆ, ಮಗುವಿಗೆ ಅಪಾಯವಿದ್ದರೆ, ಅದು ಚೀಟಿಯಲ್ಲಿ ಬರೆದು ಮುಗಿಸುವ ವಿಷಯವಲ್ಲ. ನನ್ನ ಬಳಿ ನೇರವಾಗಿ ಬನ್ನಿ, ಅಗತ್ಯವಿದ್ದರೆ ಪೊಲೀಸರ ಬಳಿಗೆ ಜೊತೆಯಾಗಿಯೇ ಹೋಗೋಣ. ತನ್ನ ಕಷ್ಟವನ್ನು ಸಭೆಗೆ ತಿಳಿಸಬೇಕೆಂದು ತಾನೇ ಬಯಸುವವರಿಗೂ ಅಡ್ಡಿಯಿಲ್ಲ, ಅವರ ಮಾತಿನಲ್ಲೇ ಓದುತ್ತೇನೆ.

ಉಳಿದವರು ಮುಂದಿನ ಭಾನುವಾರದಿಂದ ದಯವಿಟ್ಟು ಆ ವ್ಯಕ್ತಿಯನ್ನು ಕೇಳಿ, ಒಪ್ಪಿಗೆ ಪಡೆದು ಚೀಟಿ ಬರೆಯಿರಿ. ಕೇಳಲು ಆಗದಿದ್ದರೆ ಹೆಸರನ್ನೂ ಬಿಟ್ಟು, "ನಮ್ಮ ಒಬ್ಬ ಸಹೋದರಿಗಾಗಿ" ಎಂದಷ್ಟೇ ಬರೆದು ಕೊಡಿರಿ. ಸಭೆಯ ವಾಟ್ಸ್‌ಆ್ಯಪ್ ಗುಂಪಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಯಾರದೇ ಸ್ಕ್ಯಾನ್ ವರದಿಯ ಫೋಟೋ ಹಾಕಬೇಡಿರಿ.