ಮುಂದಿನ ವರ್ಷಕ್ಕೆ ಉಳಿಯದ ಬೀಜ

ಕೃಷಿ ಇಲಾಖೆಯಲ್ಲಿದ್ದಾಗ ಮುಂಗಾರು ಹತ್ತಿರ ಬಂತೆಂದರೆ ನನ್ನ ಮೇಜಿನ ತುಂಬ ಹತ್ತಿ ಬೀಜದ ಪಾಕೀಟುಗಳು. ಬೀಜ ಪರಿವೀಕ್ಷಕನ ಕೆಲಸವೇ ಅದು. ಅಂಗಡಿಗೆ ಹೋಗು, ಸ್ಯಾಂಪಲ್ ತೆಗೆ, ಸೀಲ್ ಹಾಕು, ಲ್ಯಾಬಿಗೆ ಕಳಿಸು. ಆ ವರ್ಷಗಳಲ್ಲಿ ಹಾವೇರಿ ಕಡೆ ರೈತರು ನನ್ನನ್ನು ಹೆಚ್ಚು ಸಲ ಕೇಳಿದ್ದು ಒಂದೇ ಪ್ರಶ್ನೆ. "ಸಾಹೇಬ್ರ, ಈ ಬಿಟಿ ಹತ್ತಿ ಬೀಜ ಇಟ್ಕೊಂಡು ಮುಂದಿನ ವರ್ಷ ಹಾಕಿದ್ರ ಹುಟ್ಟೂದಿಲ್ಲಂತ, ಖರೇ ಏನ್ರಿ?"

ಖರೆ ಅಲ್ಲ. ಹುಟ್ಟುತ್ತದೆ, ಚೆನ್ನಾಗಿಯೇ ಹುಟ್ಟುತ್ತದೆ. ಬಿಟಿ ಅಂದರೆ ಕಾಯಿಕೊರಕ ಹುಳುವಿಗೆ ವಿಷವಾಗುವ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ.

ಒಬ್ಬ ಹಟಮಾರಿ ರೈತ ಇದನ್ನು ಮಾಡಿಯೇ ನೋಡಿದ. ಮೊದಲ ತಲೆಮಾರಿನ ಬಿಟಿ ಇದ್ದ ಕಾಲ. ಮನೆಯಲ್ಲೇ ಅರಳೆ ಬಿಡಿಸಿ, ಅಪ್ಪ ಜಯಧರ ಹತ್ತಿಗೆ ಮಾಡುತ್ತಿದ್ದ ಹಾಗೆ ಬೀಜವನ್ನು ಸಗಣಿ ಬಗ್ಗಡದಲ್ಲಿ ಉಜ್ಜಿ ಒಣಗಿಸಿ, ಹೊಲದ ಒಂದು ಮೂಲೆಗೆ ಬಿತ್ತಿದ್ದ. ಕಾಯಿ ಕಟ್ಟುವ ಹೊತ್ತಿಗೆ ನನ್ನನ್ನು ಕರೆದ. ಹೋಗಿ ನೋಡಿದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಳಕಾಲಿಗೆ. ಒಂದರ ಕಾಯಿ ನಿಂಬೆಹಣ್ಣಿನಷ್ಟು, ಇನ್ನೊಂದರದ್ದು ಅಡಿಕೆಯಷ್ಟು. ಒಂದು ಗಿಡದ ಕಾಯಿ ಮುರಿದರೆ ಒಳಗೆ ಕಾಯಿಕೊರಕ ಹುಳು ಆರಾಮಾಗಿ ಕೂತಿತ್ತು. ಪಕ್ಕದ ಮೂರು ಗಿಡ ಹುಡುಕಿದರೂ ಒಂದು ಹುಳ ಇಲ್ಲ. "ಸಂತ್ಯಾಗ ನಿಂತ ಮಂದಿ ಇದ್ದಂಗ ಐತಲ್ರಿ ಸಾಹೇಬ್ರ" ಅಂದ. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಆಗಿದ್ದು ಇಷ್ಟೆ. ಅಂಗಡಿಯಲ್ಲಿ ಸಿಗುವುದು ಹೈಬ್ರಿಡ್, ಅಂದರೆ ಎರಡು ಬೇರೆ ಬೇರೆ ತಳಿ ಕೂಡಿಸಿ ತೆಗೆದ ಬೀಜ. ಮೊದಲ ವರ್ಷ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬರುತ್ತವೆ. ಅದರ ಬೀಜ ಮತ್ತೆ ಬಿತ್ತಿದರೆ ಕೂಡಿದ್ದ ಗುಣಗಳು ಒಡೆದು ಚೆಲ್ಲಾಪಿಲ್ಲಿ. ಬಿಟಿ ಜೀನ್ ಬಂದಿದ್ದು ತಂದೆ-ತಾಯಿಗಳಲ್ಲಿ ಒಬ್ಬರ ಕಡೆಯಿಂದ ಮಾತ್ರ. ಹಾಗಾಗಿ ಎರಡನೇ ವರ್ಷ ಸುಮಾರು ನಾಲ್ಕರಲ್ಲಿ ಒಂದು ಗಿಡಕ್ಕೆ ಜೀನೇ ಇರುವುದಿಲ್ಲ. ಆ ರೈತ ಮುಂದಿನ ಮುಂಗಾರಿಗೆ ಮತ್ತೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ.

'ಹುಟ್ಟೂದಿಲ್ಲ' ಎಂಬ ಭಯ ಬಂದಿದ್ದು 1998ರಲ್ಲಿ. ಬೀಜವೇ ಬಂಜೆಯಾಗುವಂಥ ತಂತ್ರಕ್ಕೆ ಆ ವರ್ಷ ಅಮೆರಿಕದ ಕೃಷಿ ಇಲಾಖೆ ಮತ್ತು ಒಂದು ಹತ್ತಿ ಬೀಜ ಕಂಪನಿ ಸೇರಿ ಪೇಟೆಂಟ್ ಪಡೆದವು. ಜನ ಅದನ್ನು 'ಟರ್ಮಿನೇಟರ್' ಅಂದರು. ಅದೇ ವರ್ಷದ ಕೊನೆಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ರಾಯಚೂರು, ಬಳ್ಳಾರಿ ಕಡೆ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಿತು. ಟರ್ಮಿನೇಟರ್ ಬೀಜ ಯಾವ ದೇಶದಲ್ಲೂ ಮಾರಾಟಕ್ಕೆ ಬರಲಿಲ್ಲ. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂಥ ತಳಿಯನ್ನು ನೋಂದಾಯಿಸಲೂ ಬಿಡುವುದಿಲ್ಲ. ಆದರೆ ಹತ್ತಿಯ ಮಟ್ಟಿಗೆ ಕಂಪನಿಗೆ ಅದು ಬೇಕೇ ಇರಲಿಲ್ಲ. ಹೈಬ್ರಿಡ್ ಆ ಕೆಲಸ ಸುಮ್ನೆ, ಸದ್ದಿಲ್ಲದೆ ಮಾಡಿಕೊಟ್ಟಿತು.

ಹೊರಗೆ ಹೀಗಿಲ್ಲ. ಅಮೆರಿಕ, ಚೀನಾ, ಆಸ್ಟ್ರೇಲಿಯಾಗಳಲ್ಲಿ ಬಿಟಿ ಜೀನ್ ಇರುವುದು ಹೆಚ್ಚಾಗಿ ಸಾದಾ ತಳಿಗಳಲ್ಲಿ. ಬೀಜ ಎತ್ತಿಟ್ಟರೆ ಅದೇ ಗುಣ ಮತ್ತೆ ಬರುತ್ತದೆ. ಹಾಗಾದರೆ ಅಮೆರಿಕದಲ್ಲಿ ಕಂಪನಿ ರೈತನನ್ನು ಹೇಗೆ ಹಿಡಿದಿಡುತ್ತದೆ? ಕಾಗದದಿಂದ. ಅಲ್ಲಿ ಪೇಟೆಂಟ್ ಉಂಟು, ಬೀಜ ಎತ್ತಿಡುವುದಿಲ್ಲ ಅಂತ ರೈತ ಸಹಿ ಹಾಕುವ ಕರಾರು ಉಂಟು, ಮೀರಿದರೆ ಕೋರ್ಟು ಉಂಟು. ಇಂಡಿಯಾನಾದ ಬೌಮನ್ ಎಂಬ ಸೋಯಾ ರೈತ ಮೊನ್ಸಾಂಟೊ ಎಂಬ ಬೀಜ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 2013ರಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟರು.

ನಮ್ಮ ಕಾನೂನು ಹಾಗಲ್ಲ. ಅದೇ 2001ರ ಕಾಯ್ದೆಯ 39ನೇ ಕಲಮು ರೈತನಿಗೆ ಬೀಜ ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ಹಂಚಲು, ಮಾರಲೂ ಹಕ್ಕು ಕೊಡುತ್ತದೆ. ಬ್ರ್ಯಾಂಡ್ ಹೆಸರು ಹಾಕಿ ಮಾರಬಾರದು, ಅಷ್ಟೆ. ಜಗತ್ತಿನಲ್ಲಿ ಇಷ್ಟು ಉದಾರ ಕಾನೂನು ಕಡಿಮೆ. ಗುಜರಾತಿನಲ್ಲಿ 2019ರಲ್ಲಿ ಪೆಪ್ಸಿಕೊ ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ರೈತರ ಮೇಲೆ ಕೋಟಿ ರೂಪಾಯಿಯ ದಾವೆ ಹಾಕಿ, ಗದ್ದಲವೆದ್ದ ಮೇಲೆ ಹಿಂತೆಗೆದುಕೊಂಡಿತು. ಅಲ್ಲೂ ಎಲ್ಲರ ಬಾಯಲ್ಲಿದ್ದಿದ್ದು ಇದೇ ಕಲಮು. ಆದರೆ ಹತ್ತಿ ರೈತನಿಗೆ ಈ ಹಕ್ಕು ಕೈಯಲ್ಲಿದ್ದೂ ಇಲ್ಲದ ಹಾಗೆ. ಸಂತೆಯ ಮಂದಿಯ ಹಾಗೆ ನಿಲ್ಲುವ ಬೆಳೆಯ ಬೀಜ ಉಳಿಸಿ ಏನು ಮಾಡುವುದು?

ಇಲ್ಲೊಂದು ಮಾತು ನಮ್ಮ ಮನೆಯದ್ದೂ ಹೇಳಬೇಕು. ಹೈಬ್ರಿಡ್ ಹತ್ತಿಯನ್ನು ವಿದೇಶಿ ಕಂಪನಿ ತಂದು ಹೇರಿದ್ದಲ್ಲ. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಎಚ್-4 ತಂದರು. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಟರಕಿ ಅವರಿಂದ ವರಲಕ್ಷ್ಮಿ ಬಂತು, 1981ರಲ್ಲಿ ಡಿಸಿಎಚ್-32, ಅಂದರೆ ನಮ್ಮ ಜಯಲಕ್ಷ್ಮಿ. ಉದ್ದ ಎಳೆ, ಒಳ್ಳೆಯ ರೇಟು. ಜಯಲಕ್ಷ್ಮಿ ಬೆಳೆದು ಮನೆ ಕಟ್ಟಿಸಿದವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಬೇರೆ ದೇಶಗಳು ಈ ದಾರಿ ಹಿಡಿಯದೆ ಇದ್ದದ್ದಕ್ಕೆ ಕಾರಣ ಕೂಲಿ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಕ್ಕೆ ಸಂಜೆ ಹೋಗಿ ನಿಂತರೆ ಗೊತ್ತಾಗುತ್ತದೆ. ನಾಳೆ ಅರಳುವ ಮೊಗ್ಗನ್ನು ಹೆಣ್ಣುಮಕ್ಕಳು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ, ದಳದ ಜೊತೆ ಗಂಡು ಭಾಗವನ್ನೂ ಟೊಪ್ಪಿಗೆ ತೆಗೆದ ಹಾಗೆ ಎತ್ತುತ್ತಾರೆ. ಉಳಿದ ಎಳೆ ಹೆಣ್ಣಿನ ಮೇಲೆ ಕೆಂಪು ಕಾಗದದ ಚೀಲ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಒಂದೊಂದಕ್ಕೇ ಪರಾಗ ಸವರಬೇಕು. ಪ್ರತಿ ಕಾಯಿಗೂ ಹೀಗೆ, ತಿಂಗಳುಗಟ್ಟಲೆ. ಆಗೆಲ್ಲ ಶಾಲೆ ಬಿಟ್ಟ ಮಕ್ಕಳ ಕೈಯೂ ಇದರಲ್ಲಿತ್ತು, ಅದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ ಈ ಕೆಲಸಕ್ಕೆ ಆಳು ಎಲ್ಲಿ ಸಿಗಬೇಕು?

ಧಾರವಾಡದ ಕಾಲದಲ್ಲಿ ತಂದೆ-ತಾಯಿ ತಳಿಗಳು ವಿಶ್ವವಿದ್ಯಾಲಯದ ಕೈಯಲ್ಲಿದ್ದವು. 2002ರ ಮಾರ್ಚ್‌ನಲ್ಲಿ ಮಹಿಕೊ ಎಂಬ ನಮ್ಮ ದೇಶದ ಕಂಪನಿ ಮೊನ್ಸಾಂಟೊ ಜೊತೆ ಸೇರಿ ತಂದ ಬಿಟಿ ಜೀನಿಗೆ ಒಪ್ಪಿಗೆ ಸಿಕ್ಕಿತಲ್ಲ, ಆಗ ಬಂದ ಮೂರೂ ಹೈಬ್ರಿಡ್‌ಗಳೇ. ಆಮೇಲೆ ದೇಶದ ನಲವತ್ತಕ್ಕೂ ಹೆಚ್ಚು ಬೀಜ ಕಂಪನಿಗಳು ಹಣ ಕೊಟ್ಟು ಅದೇ ಜೀನನ್ನು ತಮ್ಮ ತಮ್ಮ ಹೈಬ್ರಿಡ್‌ಗಳಿಗೆ ಸೇರಿಸಿದವು. ಅಂಗಡಿಯಲ್ಲಿ ಸಾವಿರ ಹೆಸರು, ಒಳಗೆ ಒಂದೇ ಸರಕು.

ಬೆಲೆಯ ಕಥೆಯೂ ಇದನ್ನೇ ಹೇಳುತ್ತದೆ. 2005ರ ಹೊತ್ತಿಗೆ 450 ಗ್ರಾಂ ಪಾಕೀಟಿಗೆ ಸುಮಾರು 1,600 ರೂಪಾಯಿ. ಅದರಲ್ಲಿ 1,200ಕ್ಕೂ ಜಾಸ್ತಿ ಜೀನಿನ ಬಾಬತ್ತು. ತಮಾಷೆ ಏನೆಂದರೆ ಆ ಮೊದಲ ಜೀನಿಗೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗದ ಮೆಟ್ಟಿಲು ಹತ್ತಿದ ಮೇಲೆ, 2006ರಲ್ಲಿ ಬೆಲೆ 750ಕ್ಕೆ ಇಳಿಯಿತು. ಎರಡು ಜೀನ್ ಇರುವ ಎರಡನೇ ತಲೆಮಾರಿನ ಬಿಟಿಗೆ ಪೇಟೆಂಟ್ ಇತ್ತು, ಅದರ ಮೇಲೆ ದೆಹಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಅಷ್ಟರಲ್ಲಿ 2016ರಿಂದ ಕೇಂದ್ರವೇ ದರ ಕಟ್ಟತೊಡಗಿತು. ಜೀನಿನ ಬಾಬತ್ತು ಮೊದಲು 49 ರೂಪಾಯಿ, ಆಮೇಲೆ 20, 2020ರಲ್ಲಿ ಸೊನ್ನೆ. ಪೇಟೆಂಟಿನ ಅವಧಿಯೂ ಮುಗಿಯಿತು. ಮೊನ್ಸಾಂಟೊ ಹೆಸರೇ ಜರ್ಮನಿಯ ಬಾಯರ್ ಕಂಪನಿಯೊಳಗೆ ಕರಗಿಹೋಯಿತು. ಆದರೂ 2025ರಲ್ಲಿ ಪಾಕೀಟಿನ ಬೆಲೆ 901 ರೂಪಾಯಿ, ಕೊಳ್ಳುವ ರೈತ ಪ್ರತಿ ವರ್ಷ ಕೊಳ್ಳುತ್ತಲೇ ಇದ್ದಾನೆ. ಪೇಟೆಂಟ್ ಹೋದರೂ ಬೀಗ ತೆರೆಯಲಿಲ್ಲ ಅಂದರೆ ಬೀಗ ಇದ್ದದ್ದು ಬೇರೆ ಕಡೆ, ಅಲ್ವಾ?

ಬೀಗದ ಕೈ ಒಮ್ಮೆ ನಮ್ಮ ಕೈಗೆ ಬಂದಿತ್ತು. ನನಗೆ ಈಗಲೂ ನೋಯುವ ಸಂಗತಿ ಇದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಸರ್ಕಾರದ ದುಡ್ಡಲ್ಲೇ ಬಿಟಿ ಹತ್ತಿ ಮಾಡಿದವು. ಬಿಕಾನೇರಿ ನರ್ಮಾ ಎಂಬ ಸಾದಾ ತಳಿಗೆ ಜೀನ್ ಸೇರಿಸಿದ್ದು, ಹೈಬ್ರಿಡ್ ಅಲ್ಲ. ರೈತ ಬೀಜ ಎತ್ತಿಟ್ಟುಕೊಳ್ಳಬಹುದಿತ್ತು. 2009ರಲ್ಲಿ ಬೀಜ ಹೊಲಕ್ಕೂ ಹೋಯಿತು. ಆ ವರ್ಷವೇ ಗೊತ್ತಾಗಿದ್ದು, ಬೀಜದೊಳಗೆ ಮೊನ್ಸಾಂಟೊದ್ದೇ ಜೀನ್ ಇದೆ ಅಂತ. ಬೀಜ ಮಾರುಕಟ್ಟೆಯಿಂದ ವಾಪಸಾಯಿತು. ತನಿಖೆಗೆ ಕೂತ ಸೊಪೋರಿ ಸಮಿತಿ 2012ರಲ್ಲಿ ಬೆರಕೆ ನಿಜ ಎಂದು ವರದಿ ಕೊಟ್ಟಿತು. ಕಂಪನಿಯನ್ನು ಬಯ್ಯುವುದು ಸುಲಭ, ನಾನೂ ಬಯ್ದಿದ್ದೇನೆ. ಆದರೆ ಈ ಆಟದಲ್ಲಿ ನಮ್ಮನ್ನು ಸೋಲಿಸಿದ್ದು ನಮ್ಮದೇ ಉಡಾಫೆ.

ಹೈಬ್ರಿಡ್‌ನ ಇನ್ನೊಂದು ಬೆಲೆಯನ್ನು ಗುಲಾಬಿ ಕಾಯಿಕೊರಕ ವಸೂಲು ಮಾಡುತ್ತಿದೆ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳಲ್ಲೇ ಜೀನ್ ಒಡೆದು ಹಂಚಿಹೋಗಿರುತ್ತದೆ. ಕೆಲವಕ್ಕೆ ಎರಡೂ ಜೀನಿನ ವಿಷ, ಕೆಲವಕ್ಕೆ ಒಂದರದ್ದು, ಕೆಲವಕ್ಕೆ ಏನೂ ಇಲ್ಲ. ಈ ಹುಳು ತಿನ್ನುವುದೇ ಬೀಜವನ್ನು. ಸ್ವಲ್ಪ ಸ್ವಲ್ಪ ವಿಷ ತಿಂದು ಪಳಗಲು ಇದಕ್ಕಿಂತ ಒಳ್ಳೆಯ ಗರಡಿಮನೆ ಬೇಕೆ? ಹುಳು ಪಳಗಬಾರದೆಂದು ಪಾಕೀಟಿನ ಜೊತೆ 120 ಗ್ರಾಂ ನಾನ್-ಬಿಟಿ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಹಾಕಲಿ ಅಂತ. ನಾನು ಆ ಸಣ್ಣ ಪಾಕೀಟನ್ನು ಬದುವಿನ ಮೇಲೆ ನೋಡಿದ್ದೇನೆ, ಚಕ್ಕಡಿಯ ಕೆಳಗೆ ನೋಡಿದ್ದೇನೆ. ಬಿತ್ತಿದ್ದನ್ನು ನೋಡಿದ್ದು ಬೆರಳೆಣಿಕೆಯಷ್ಟು. ಹುಳಕ್ಕೆ ಅಂತ ಯಾರು ಬೆಳೆ ಬೆಳೆಯುತ್ತಾರೆ? ಈಗ ಎರಡನ್ನೂ ಒಂದೇ ಪಾಕೀಟಿನಲ್ಲಿ ಬೆರೆಸಿ ಕೊಡುತ್ತಾರೆ.

ಕೊಳ್ಳುವುದಂತೂ ತಪ್ಪುವುದಿಲ್ಲ ಅಂದಮೇಲೆ ಒಂದು ಮಾತು. ಬಿಲ್ ತಗೊಳ್ಳಿ, ಉದ್ರಿ ತಂದರೂ ತಗೊಳ್ಳಿ. ಖಾಲಿ ಪಾಕೀಟು ಮತ್ತು ಅದರ ಲಾಟ್ ನಂಬರು ಬೆಳೆ ಬರುವ ತನಕ ಜೋಪಾನ. ಬೀಜ ಕೈಕೊಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸ್ಯಾಂಪಲ್ ಬೀಜ ಎಲ್ಲಿ ಎಂದು ಕಂಪನಿಯವರು ಕೇಳಿದರೆ ಹೆದರಬೇಡಿ. ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಪರೀಕ್ಷೆಗೆಂದು ಎತ್ತಿಡು ಅನ್ನಲು ಬರುವುದಿಲ್ಲ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಈಚೆಗೆ ಸರ್ಕಾರಿ ಸಂಸ್ಥೆಗಳು ಮತ್ತೆ ಸಾದಾ ತಳಿಯ ಬಿಟಿ ಹತ್ತಿಗಳನ್ನು ಹೊರತಂದಿವೆ. ಮೊದಲ ತಲೆಮಾರಿನ ಆ ಒಂದೇ ಜೀನ್, ಗುಲಾಬಿ ಹುಳಕ್ಕೆ ಅದು ಸಾಲದು. ಆದರೂ ಬೇಗ ಕೊಯ್ಲಿಗೆ ಬರುವಂಥದ್ದನ್ನು ಒತ್ತಾಗಿ ಹಾಕಿದರೆ ಮಳೆಯಾಶ್ರಿತ ಎರೆ ಹೊಲಕ್ಕೆ ಹೊಂದುತ್ತದೆ ಅನ್ನುವುದು ನನ್ನ ಅಂದಾಜು. ನಿವೃತ್ತನಾದ ಮೇಲೆ ಪರಿಚಯದ ಅಂಗಡಿಯವರನ್ನು ಕೇಳಿದೆ, ಇಂಥದ್ದು ಇಟ್ಟಿದ್ದೀರಾ ಅಂತ. ಅವರು ತಕ್ಕಡಿ ಒರೆಸುತ್ತ ನಕ್ಕರು. "ಒಮ್ಮೆ ಒಯ್ದಾಂವ ಮತ್ತ ಬರೂದಿಲ್ಲಂದ್ರ, ಅಂಥಾ ಮಾಲು ನಾ ಯಾಕ ಇಡಬೇಕ್ರಿ ಸಾಹೇಬ್ರ?"